ಎಂಜಿನ್ ಪ್ಯಾಕಿಂಗ್ ಬದಲಿಸಿದ ಮೇಲೆ ಆಯಿಲ್ ಸೋರದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕನ್ನು ತಾವೇ ಬಿಚ್ಚುವವರು, ಗ್ಯಾರೇಜಿನಲ್ಲಿ ಎದುರು ನಿಂತು ಬಿಚ್ಚಿಸುವವರು, ಕೆಲಸ ಕಲಿಯುತ್ತಿರುವ ಹುಡುಗರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಅವರು ಕೇಳಿದ ರೀತಿಯಲ್ಲೇ ಇಟ್ಟಿದ್ದೇನೆ. ಉದಾಹರಣೆಗಳೆಲ್ಲ ನನ್ನ ಕೈಗೆ ಹೆಚ್ಚಾಗಿ ಬರುವ ನಾಲ್ಕು ಗಾಡಿಗಳವು: ಸ್ಪ್ಲೆಂಡರ್, ಆರ್‌ಎಕ್ಸ್ 100, ಎರಕದ ಕಬ್ಬಿಣದ ಎಂಜಿನ್ ಇರುವ ಹಳೆಯ ಬುಲೆಟ್, ಮತ್ತು ಮೈಸೂರಿನಲ್ಲೇ ತಯಾರಾದ ಯೆಜ್ಡಿ. ಬೇರೆ ಗಾಡಿಗಳಿಗೂ ಹೆಚ್ಚಿನ ಮಾತು ಹಾಗೆಯೇ ಅನ್ವಯಿಸುತ್ತದೆ.

## ಮೊದಲು ತಿಳಿಯಬೇಕಾದದ್ದು

ಪ್ಯಾಕಿಂಗ್, ಗ್ಯಾಸ್ಕೆಟ್, ಸೀಲ್ ಎಲ್ಲವೂ ಒಂದೇ ತಾನೆ?

ಪ್ಯಾಕಿಂಗ್ ಮತ್ತು ಗ್ಯಾಸ್ಕೆಟ್ ಒಂದೇ. ಗ್ಯಾರೇಜಿನಲ್ಲಿ ಪ್ಯಾಕಿಂಗ್ ಎನ್ನುತ್ತಾರೆ, ಡಬ್ಬಿಯ ಮೇಲೆ ಗ್ಯಾಸ್ಕೆಟ್ ಎಂದು ಬರೆದಿರುತ್ತದೆ. ಎರಡು ಲೋಹದ ಮೈಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅವುಗಳ ಮೇಲೆ ಸಣ್ಣ ಏರಿಳಿತಗಳಿರುತ್ತವೆ. ನಡುವೆ ಇರುವ ಪ್ಯಾಕಿಂಗ್ ಬೋಲ್ಟಿನ ಒತ್ತಡಕ್ಕೆ ಅಮುಕಿಕೊಂಡು ಆ ತಗ್ಗುಗಳನ್ನು ತುಂಬುತ್ತದೆ. ಆಯಿಲ್ ಸೀಲ್ ಬೇರೆ: ಅದು ತಿರುಗುವ ಶಾಫ್ಟಿನ ಸುತ್ತ ಕೂರುವ ರಬ್ಬರ್ ತುಟಿ. ಓ-ರಿಂಗ್ ಇನ್ನೂ ಬೇರೆ: ಒಂದು ತೋಡಿನಲ್ಲಿ ಅಥವಾ ಒಂದು ರಂಧ್ರದ ಸುತ್ತ ಕೂರುವ ರಬ್ಬರ್ ಬಳೆ. ಸೋರುತ್ತಿರುವುದು ಸೀಲಾದರೆ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ಹೊಸ ಪ್ಯಾಕಿಂಗ್ ಹಾಕಿಸಿ ವಾರ ಆಗಿಲ್ಲ, ಮತ್ತೆ ಸೋರುತ್ತಿದೆ. ಪ್ಯಾಕಿಂಗ್ ಕಳಪೆಯೇ?

ಹತ್ತರಲ್ಲಿ ಎಂಟೊಂಬತ್ತು ಸಲ ಅಲ್ಲ. ಆಯಿಲನ್ನು ತಡೆಯುವುದು ಎರಡು ಲೋಹದ ಮೈಗಳು ಮತ್ತು ಅವನ್ನು ಸಮನಾಗಿ ಒತ್ತಿ ಹಿಡಿದಿರುವ ಬೋಲ್ಟುಗಳು. ಪ್ಯಾಕಿಂಗ್ ಅವೆರಡರ ನಡುವಿನ ಸಣ್ಣ ಕೊರತೆಯನ್ನಷ್ಟೇ ತುಂಬುತ್ತದೆ, ದೊಡ್ಡ ಕೊರತೆಯನ್ನು ತುಂಬಲು ಅದರಿಂದಾಗದು. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಹೊಸ ಪ್ಯಾಕಿಂಗ್ ಕೈಯಲ್ಲಿ ಹಿಡಿದು ನೋಡುವುದಕ್ಕಿಂತ ಅದು ಕೂರುವ ಮೈಯನ್ನು ಹೆಚ್ಚು ಹೊತ್ತು ನೋಡಿ.

ಒಮ್ಮೆ ಒಂದು ಸ್ಪ್ಲೆಂಡರ್ ಮೂರನೆಯ ಪ್ಯಾಕಿಂಗ್ ಹಾಕಿಸಿಕೊಂಡು ಬಂದಿತ್ತು. ಬಲಗಡೆಯ ಕವರ್ ಬಿಚ್ಚಿ ಬೆಳಕಿಗೆ ಓರೆಯಾಗಿ ಹಿಡಿದೆ. ಕೆಳಗಿನ ಮೂಲೆಯಲ್ಲಿ, ಬೋಲ್ಟಿನ ರಂಧ್ರಕ್ಕೆ ತಾಗಿ, ಅಕ್ಕಿಕಾಳಿನ ಅರ್ಧದಷ್ಟು ಹಳೆಯ ಪ್ಯಾಕಿಂಗಿನ ಚೂರು ಅಂಟಿಕೊಂಡಿತ್ತು. ಬಣ್ಣ ಅಲ್ಯೂಮಿನಿಯಮ್ಮಿನದೇ ಬೂದು, ಕಣ್ಣಿಗೆ ಕಾಣುತ್ತಿರಲಿಲ್ಲ. ಉಗುರಿಗೆ ಸಿಕ್ಕಿತು. ಅದರ ಎರಡೂ ಪಕ್ಕದಲ್ಲಿ ಹೊಸ ಪ್ಯಾಕಿಂಗ್ ಅಮುಕದೆ ಉಳಿದು, ಎಣ್ಣೆ ಹಾಯ್ದ ಕಪ್ಪು ಗೆರೆ ಮೂಡಿತ್ತು. ಮೂರು ಪ್ಯಾಕಿಂಗ್‌ಗಳನ್ನೂ ಕೆಡಿಸಿದ್ದು ಅದೊಂದೇ ಚೂರು.

ಎಂಜಿನ್ ಕೆಳಗೆಲ್ಲ ಎಣ್ಣೆ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿಲ್ಲ.

ತೊಟ್ಟಿಕ್ಕುವ ಜಾಗ ಸೋರುವ ಜಾಗವಲ್ಲ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಬಿಂದುವನ್ನು ಹುಡುಕಬೇಕು.

ಎಂಜಿನ್ ತಣ್ಣಗಿರುವಾಗ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯಿರಿ, ಮೇಲೆ ಸೋಪಿನ ನೀರು ಹಾಕಿ, ಪೂರ್ತಿ ಒಣಗಲು ಬಿಡಿ. ಬಳಿಕ ಅನುಮಾನ ಇರುವ ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ. ನಾಲ್ಕೈದು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಂದು ನೋಡಿದರೆ, ಬಿಳಿ ಪುಡಿಯ ಮೇಲೆ ಎಣ್ಣೆ ಹುಟ್ಟಿದ ಜಾಗ ಕಂದು ಗೆರೆಯಾಗಿ ಎದ್ದು ಕಾಣುತ್ತದೆ. ಮುಂದಿನ ಸ್ಪ್ರಾಕೆಟ್ ಸುತ್ತ ಇರುವ ಜಿಡ್ಡನ್ನು ಕಂಡು ಸೀಲ್ ಹೋಗಿದೆ ಎಂದು ಹೆದರುವವರು ಬಹಳ. ಅದು ಎಷ್ಟೋ ಸಲ ಚೈನಿಗೆ ಹಾಕಿದ ಎಣ್ಣೆಯೇ ಆಗಿರುತ್ತದೆ.

ಸ್ವಲ್ಪ ಜಿನುಗಿದರೆ ಏನಾಯಿತು? ಬುಲೆಟ್ ಅಂದಮೇಲೆ ಸೋರಲೇಬೇಕಲ್ಲವೇ?

ಜೋಡಣೆಯ ಅಂಚು ತುಸು ತೇವವಾಗಿ ಧೂಳು ಹಿಡಿಯುವುದು ಒಂದು, ನಿಲ್ಲಿಸಿದ ಜಾಗದಲ್ಲಿ ಕಲೆ ಬೀಳುವುದು ಇನ್ನೊಂದು. ಮೊದಲನೆಯದನ್ನು ಗಮನಿಸುತ್ತಾ ಇರಬಹುದು, ಎರಡನೆಯದನ್ನು ಬಿಡಬಾರದು. ಸ್ಪ್ಲೆಂಡರಿನಂಥ ಎಂಜಿನ್‌ನಲ್ಲಿ ಇರುವುದೇ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್. ಅದರಲ್ಲಿ ಕಾಲು ಭಾಗ ಹೋದರೂ ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೆ ಪೆಟ್ಟು. ಸೋರಿದ ಎಣ್ಣೆ ಹಿಂದಿನ ಟೈರಿಗೆ ತಾಗಿತೆಂದರೆ ಮಳೆಗಾಲದ ತಿರುವಿನಲ್ಲಿ ಗಾಡಿ ಕಾಲಡಿಯಿಂದ ಜಾರುತ್ತದೆ.

ಬುಲೆಟ್ ಸೋರಲೇಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಹಳೆಯ ಬುಲೆಟ್ಟಿನ ಪ್ರೈಮರಿ ಚೈನ್ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನ್) ಕವರನ್ನು ನಡುವಿನ ಒಂದೇ ನಟ್ ಹಿಡಿದಿರುತ್ತದೆ, ಸುತ್ತ ಒಂದು ರಬ್ಬರ್ ಪಟ್ಟಿ. ಆ ರಬ್ಬರ್ ಒಣಗಿ ಗಟ್ಟಿಯಾದಾಗ ಜನ ನಟ್ಟನ್ನೇ ಇನ್ನಷ್ಟು ಬಿಗಿಯುತ್ತಾರೆ. ಕವರ್ ನಡುವೆ ಒಳಕ್ಕೆ ಬಾಗುತ್ತದೆ, ಅಂಚು ತೆರೆದುಕೊಳ್ಳುತ್ತದೆ. ಹೊಸ ರಬ್ಬರ್ ಹಾಕಿ, ತೋಡನ್ನು ಶುಚಿ ಮಾಡಿ, ಹದವಾಗಿ ಬಿಗಿದ ಕವರುಗಳು ವರ್ಷಗಟ್ಟಲೆ ಒಣಗಿ ನಿಂತಿರುವುದನ್ನು ಕಂಡಿದ್ದೇನೆ.

## ಬಿಚ್ಚುವ ಮೊದಲು, ಬಿಚ್ಚುವಾಗ

ಇದನ್ನು ಮನೆಯಲ್ಲೇ ಮಾಡಬಹುದೇ?

ಕ್ಲಚ್ ಕವರ್, ಮ್ಯಾಗ್ನೆಟ್ (ವಿದ್ಯುತ್ ಹುಟ್ಟಿಸುವ ಭಾಗ) ಕವರ್, ಟ್ಯಾಪೆಟ್ (ವಾಲ್ವ್ ಹೊಂದಿಸುವ ಭಾಗ) ಮುಚ್ಚಳದಂಥವನ್ನು ತಾಳ್ಮೆಯಿರುವ ಯಾರಾದರೂ ಮಾಡಬಹುದು. ಹೆಡ್ (ಸಿಲಿಂಡರಿನ ಮೇಲೆ ಕೂರುವ ತಲೆಭಾಗ) ಮತ್ತು ಸಿಲಿಂಡರ್ ಬಿಚ್ಚುವುದನ್ನು ಮೊದಲ ಸಲ ಬಲ್ಲವರ ಪಕ್ಕದಲ್ಲಿ ಕುಳಿತೇ ಮಾಡಿ. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಮುಖ್ಯ ಕವಚ, ಮುಂದೆ ಕೇಸ್ ಎಂದಿರುವುದು ಇದನ್ನೇ) ಎರಡು ಹೋಳು ಮಾಡುವ ಕೆಲಸಕ್ಕೆ ಬಿಗಿಯಾಗಿ ಕೂತ ಭಾಗಗಳನ್ನು ಎಳೆದು ತೆಗೆಯುವ ಪುಲ್ಲರ್‌ಗಳು ಬೇಕು, ಅದು ಮನೆಯ ಅಂಗಳದ ಕೆಲಸವಲ್ಲ. ಒಳ್ಳೆಯ ರಿಂಗ್ ಸ್ಪ್ಯಾನರ್ ಮತ್ತು ಟಿ-ಸ್ಪ್ಯಾನರ್, ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗೆಯ ಏಟಿಗೆ ಸ್ಕ್ರೂ ತಿರುಗಿಸುವ ಸಾಧನ), ರಬ್ಬರ್ ಅಥವಾ ಮರದ ಕೊಡತಿ, ಹಿತ್ತಾಳೆಯ ಇಲ್ಲವೇ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿ, ನೂಲು ಬಿಡದ ಬನಿಯನ್ ಬಟ್ಟೆ, ಸಾಧ್ಯವಾದರೆ ಒಂದು ಟಾರ್ಕ್ ವ್ರೆಂಚ್ (ಎಷ್ಟು ಬಲದಲ್ಲಿ ಬಿಗಿದೆವು ಎಂದು ತೋರಿಸುವ ಸ್ಪ್ಯಾನರ್) ಇಟ್ಟುಕೊಳ್ಳಿ. ಧೂಳು ಹಾರದ ಜಾಗ ಇವೆಲ್ಲಕ್ಕಿಂತ ಮುಖ್ಯ.

ಕವರಿನ ಸ್ಟಾರ್ ಸ್ಕ್ರೂಗಳ ತಲೆ ಸವೆದುಹೋಗಿದೆ. ಹೇಗೆ ತೆಗೆಯುವುದು?

ಆರ್‌ಎಕ್ಸ್ 100ರಂಥ ಜಪಾನ್ ಮೂಲದ ಗಾಡಿಗಳ ಸ್ಕ್ರೂ ತಲೆ ಜಪಾನಿನ ಅಳತೆಯದು. ಅಂಗಡಿಯ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ತಿರುಗಿಸಿದಾಗ ಮೇಲಕ್ಕೆದ್ದು ತಲೆಯನ್ನು ತಿನ್ನುತ್ತದೆ. ಆ ಅಳತೆಯ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರನ್ನು ನೇರವಾಗಿ ಒತ್ತಿ ಹಿಡಿದು ಸುತ್ತಿಗೆಯಿಂದ ಒಂದೇ ಗಟ್ಟಿ ಏಟು ಕೊಟ್ಟರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಜೋಡಿಸುವಾಗ ಅದೇ ಉದ್ದದ ಅಲೆನ್ ಬೋಲ್ಟುಗಳನ್ನು ಹಾಕಿಕೊಳ್ಳಿ. ಆದರೆ ಅಲೆನ್ ಕೀಲಿಗೆ ಬಲ ಹೆಚ್ಚು ಎಂಬುದು ನೆನಪಿರಲಿ, ಥ್ರೆಡ್ ಬೇಗ ಕಿತ್ತುಬರುತ್ತದೆ.

ಬೋಲ್ಟುಗಳು ಒಂದು ಉದ್ದ, ಒಂದು ಗಿಡ್ಡ ಇವೆ. ಯಾವುದು ಎಲ್ಲಿಯದೆಂದು ನೆನಪಿಡುವುದು ಹೇಗೆ?

ನೆನಪಿಡಬೇಡಿ. ಒಂದು ರಟ್ಟಿನ ಮೇಲೆ ಕವರಿನ ಆಕಾರವನ್ನು ಪೆನ್ಸಿಲ್‌ನಲ್ಲಿ ಬರೆದು, ಬೋಲ್ಟ್ ಇರುವ ಕಡೆ ತೂತು ಮಾಡಿ, ಬಿಚ್ಚಿದ ಹಾಗೆಯೇ ಒಂದೊಂದನ್ನೂ ಅಲ್ಲಲ್ಲೇ ಸಿಕ್ಕಿಸಿ. ಒಳಗೆ ಕೂತಾಗ ಎಲ್ಲ ಬೋಲ್ಟುಗಳ ತಲೆಯೂ ಕವರಿನಿಂದ ಹೆಚ್ಚುಕಡಿಮೆ ಒಂದೇ ಎತ್ತರ ನಿಲ್ಲಬೇಕು, ಬಿಗಿಯುವ ಮೊದಲು ಅದನ್ನೂ ನೋಡಿ.

ಇದರ ಬೆಲೆ ನನಗೆ ಕೆಲಸ ಕಲಿಯುವಾಗಲೇ ತಿಳಿಯಿತು. ಗಿಡ್ಡ ಬೋಲ್ಟಿನ ರಂಧ್ರಕ್ಕೆ ಉದ್ದದ್ದನ್ನು ಹಾಕಿ ಬಿಗಿದೆ. ರಂಧ್ರದ ತಳಕ್ಕೆ ತಾಗಿ ಅದು ನಿಂತಿತು, ಬಿಗಿಯಾಯಿತು ಎಂದುಕೊಂಡು ಇನ್ನೊಂದು ಕಾಲು ಸುತ್ತು ತಿರುಗಿಸಿದೆ. ಟಕ್ ಎಂದಿತು. ಕೇಸಿನ ಹಿಂಬದಿಯಲ್ಲಿ ಕೂದಲೆಳೆಯ ಬಿರುಕು. ಗಿಡ್ಡ ಬೋಲ್ಟನ್ನು ಉದ್ದದ ಜಾಗಕ್ಕೆ ಹಾಕಿದರೆ ಎರಡು ಮೂರು ಥ್ರೆಡ್ ಮಾತ್ರ ಹಿಡಿದು, ಅವೂ ಕಿತ್ತುಬರುತ್ತವೆ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ತುಂಬಿದ್ದರೂ ಇದೇ ಗತಿ. ಎಣ್ಣೆ ಕುಗ್ಗುವುದಿಲ್ಲ, ಬೋಲ್ಟ್ ಒತ್ತಿದರೆ ಕೇಸ್ ಒಡೆಯುತ್ತದೆ. ರಂಧ್ರಗಳನ್ನು ಬಟ್ಟೆಯ ತುದಿಯಿಂದ ಒರೆಸಿ ಒಣಗಿಸಿಯೇ ಜೋಡಿಸಿ.

ಎಲ್ಲ ಬೋಲ್ಟ್ ತೆಗೆದರೂ ಕವರ್ ಬರುತ್ತಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಲೇ?

ದಯವಿಟ್ಟು ಬೇಡ. ಮೊದಲು ಬೋಲ್ಟುಗಳನ್ನು ಇನ್ನೊಮ್ಮೆ ಎಣಿಸಿ, ಕೊಳೆಯ ಅಡಿಯಲ್ಲಿ ಒಂದು ಅಡಗಿರುವುದು ಬಹಳ ಸಾಮಾನ್ಯ. ಆಮೇಲೆ ಕೊಡತಿಯಿಂದ ಕವರಿನ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತಾ ಬನ್ನಿ. ಕೆಲವು ಕವರುಗಳಲ್ಲಿ ಹೊಡೆಯುವುದಕ್ಕೆಂದೇ ಮುಂಚಾಚಿದ ಕಿವಿಗಳಿರುತ್ತವೆ. ಸ್ಕ್ರೂಡ್ರೈವರ್ ಮಾಡಿದ ಒಂದು ಗೀರು ಒಳಗಿನ ಎಣ್ಣೆಗೆ ಹೊರಬರಲು ಕಾಲುವೆ ತೋಡಿದ ಹಾಗೆ. ಹಳೆಯ ಗಾಡಿಗಳ ಕೇಸುಗಳಲ್ಲಿ ಈ ಗಾಯಗಳನ್ನು ಕಂಡಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಪ್ಯಾಕಿಂಗ್ ಕೊಳ್ಳುವಾಗ ಏನು ನೋಡಬೇಕು?

ಹಳೆಯದನ್ನು ಜೊತೆಯಲ್ಲಿ ಒಯ್ಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮ ಊರಿನ ಬಿಡಿಭಾಗದ ಅಂಗಡಿಯಾಗಲಿ, ಕೌಂಟರಿನ ಮೇಲೆಯೇ ಒಂದರ ಮೇಲೊಂದು ಇಟ್ಟು ಪ್ರತಿ ರಂಧ್ರವನ್ನೂ ಹೋಲಿಸಿ. ಬೋಲ್ಟಿನ ರಂಧ್ರ ತಪ್ಪಿದ್ದರೆ ಕೂರಿಸುವಾಗಲೇ ಗೊತ್ತಾಗುತ್ತದೆ. ಆಯಿಲ್ ಹಾಯುವ ಸಣ್ಣ ರಂಧ್ರವೇ ಇಲ್ಲದಿದ್ದರೆ ಎಂಜಿನ್ ಕೆಟ್ಟ ಮೇಲಷ್ಟೇ ಗೊತ್ತಾಗುತ್ತದೆ. ದಪ್ಪವೂ ಹೊಂದಬೇಕು. ಮಡಚಿ ಗೆರೆ ಬಿದ್ದ ಕಾಗದದ ಪ್ಯಾಕಿಂಗ್ ಬೇಡ. ತಿಂಗಳುಗಟ್ಟಲೆ ನೇತಾಡಿ ಒಣಗಿ ಕುಗ್ಗಿದ್ದರೆ ಒದ್ದೆ ಬಟ್ಟೆಯ ನಡುವೆ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ಅಳತೆಗೆ ಬರುತ್ತದೆ.

ಮದುವೆ ಕಾರ್ಡ್ ಕತ್ತರಿಸಿ ಪ್ಯಾಕಿಂಗ್ ಮಾಡುತ್ತಾರಲ್ಲ, ಅದು ನಡೆಯುತ್ತದೆಯೇ?

ರಾತ್ರಿ ಊರ ಹೊರಗೆ ಸಿಕ್ಕಿಬಿದ್ದಾಗ ಮನೆ ಮುಟ್ಟಿಸುತ್ತದೆ, ಅಷ್ಟೇ. ಕಾರ್ಡಿನ ನಾರು ದೀಪದ ಬತ್ತಿಯಂತೆ ಎಣ್ಣೆಯನ್ನು ಹೀರಿ ಹೊರಗಿನ ಅಂಚಿಗೆ ತರುತ್ತದೆ, ಬಿಸಿಗೆ ಪುಡಿಯಾಗುತ್ತದೆ. ಉಬ್ಬು ಅಕ್ಷರ ಇರುವ ಕಡೆ ದಪ್ಪವೂ ಬೇರೆ.

ಗ್ಯಾಸ್ಕೆಟ್ ಹಾಳೆಯಿಂದ ಕೈಯಲ್ಲಿ ಕತ್ತರಿಸುವುದಾದರೆ ಅದು ಒಳ್ಳೆಯ ವಿದ್ಯೆ. ಸಿಗದ ಗಾಡಿಗಳಿಗೆ ಇಂದಿಗೂ ಅದೇ ದಾರಿ. ಹಾಳೆಯನ್ನು ಕೇಸಿನ ಮೇಲಿಟ್ಟು ಸುತ್ತಿಗೆಯಿಂದ ಅಂಚಿಗೆ ತಟ್ಟಿ ಕತ್ತರಿಸುವ ಹಳೆಯ ಪದ್ಧತಿ ಅಲ್ಯೂಮಿನಿಯಂ ಅಂಚನ್ನು ಉರುಟು ಮಾಡುತ್ತದೆ. ಅದರ ಬದಲು ಕವರಿನ ಮೈಗೆ ತೆಳ್ಳಗೆ ಎಣ್ಣೆ ಅಥವಾ ಸ್ಟಾಂಪ್ ಇಂಕ್ ಸವರಿ, ಹಾಳೆಯ ಮೇಲೆ ಒತ್ತಿ ಅಚ್ಚು ತೆಗೆದು, ಚೂಪಾದ ಬ್ಲೇಡಿನಲ್ಲಿ ಕತ್ತರಿಸಿ. ಬೋಲ್ಟಿನ ರಂಧ್ರಗಳನ್ನು ಪಂಚ್‌ನಿಂದ ಮೊದಲೇ ಮಾಡಿಕೊಳ್ಳಿ, ಅಂಚು ಕತ್ತರಿಸಿದ ಮೇಲೆ ಮಾಡಹೊರಟರೆ ಹರಿಯುತ್ತದೆ.

## ಶುಚಿ ಮಾಡಿ ಜೋಡಿಸುವಾಗ

ಹಳೆಯ ಪ್ಯಾಕಿಂಗ್ ಕಲ್ಲಿನಂತೆ ಅಂಟಿದೆ. ಎಮರಿ ಪೇಪರ್ ಹಾಕಿ ಉಜ್ಜಲೇ?

ಕೈಯಲ್ಲಿ ಹಿಡಿದು ಉಜ್ಜಿದ ಎಮರಿ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು ಮಾಡುತ್ತದೆ. ಡ್ರಿಲ್ಲಿಗೆ ತಂತಿಯ ಬ್ರಷ್ ಸಿಕ್ಕಿಸಿ ಉಜ್ಜುವುದು ಇನ್ನೂ ಕೆಟ್ಟದ್ದು. ಪೇಂಟ್ ಥಿನ್ನರ್ ಅಥವಾ ಗ್ಯಾಸ್ಕೆಟ್ ತೆಗೆಯುವ ದ್ರವದಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹತ್ತಿಪ್ಪತ್ತು ನಿಮಿಷ ಹಾಸಿಡಿ. ಮೆತ್ತಗಾದ ಮೇಲೆ ಹಿತ್ತಾಳೆಯ ಪಟ್ಟಿಯನ್ನು ಮೈಗೆ ಬಹುತೇಕ ಮಲಗಿಸಿ ಹಿಡಿದು ತಳ್ಳುತ್ತಾ ಹೋಗಿ. ಒಳಗೆ ಚೂರು ಬೀಳದಂತೆ ಕೇಸಿನ ಬಾಯಿಗೆ ಬಟ್ಟೆ ತುಂಬಿರಿ, ಎಷ್ಟು ತುಂಡು ತುಂಬಿದಿರಿ ಎಂದು ಎಣಿಸಿಕೊಳ್ಳಿ.

ಕೊನೆಯ ಒರೆಸು ಬಹಳ ಮುಖ್ಯ. ಸೀಮೆಎಣ್ಣೆ, ಡೀಸೆಲ್ ಒಣಗಿದ ಮೇಲೂ ಜಿಡ್ಡಿನ ಪೊರೆ ಬಿಡುತ್ತವೆ. ಥಿನ್ನರ್ ಅಥವಾ ಅಸಿಟೋನ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಒರೆಸಿ. ಬೆಂಕಿಯಿಂದ ದೂರ, ಗಾಳಿ ಆಡುವ ಕಡೆ.

ಇನ್ನೊಂದು ಎಚ್ಚರಿಕೆ. ಹಳೆಯ ಗಾಡಿಗಳ ಪ್ಯಾಕಿಂಗ್‌ಗಳಲ್ಲಿ, ಮುಖ್ಯವಾಗಿ ಹೆಡ್ ಪ್ಯಾಕಿಂಗಿನಲ್ಲಿ, ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋಗಿ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಒಣಗಿರುವಾಗ ಕೆರೆಯಬೇಡಿ, ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಒದ್ದೆ ಮಾಡಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಪಕ್ಕದಲ್ಲಿ ಕೆಲಸ ಕಲಿಯುವ ಹುಡುಗರಿದ್ದರೆ ಅವರಿಗೂ ಇದನ್ನು ಹೇಳಿಕೊಡಿ.

ಕವರ್ ಸೊಟ್ಟಗಾಗಿದೆಯೇ ಎಂದು ನೋಡುವುದು ಹೇಗೆ?

ಗಾಜಿನಂಗಡಿಯಲ್ಲಿ ಕವರಿಗಿಂತ ದೊಡ್ಡದಾದ, ಕನಿಷ್ಠ 5 ಮಿಲಿಮೀಟರ್ ದಪ್ಪದ ಗಾಜಿನ ತುಂಡು ತನ್ನಿ. ಸಮತಟ್ಟಾದ ಮೇಜಿನ ಮೇಲಿಟ್ಟು, ಕವರನ್ನು ಅದರ ಮೇಲೆ ಮಗುಚಿ, ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಒತ್ತಿ ನೋಡಿ. ಲಟಲಟ ಎಂದರೆ ಬಾಗಿದೆ. ಸಣ್ಣ ದೋಷವಾದರೆ ಗಾಜಿನ ಮೇಲೆ 400 ನಂಬರಿನ ನೀರು ಕಾಗದ (ನೀರು ಹಾಕಿ ಉಜ್ಜುವ ಎಮರಿ) ಹಾಸಿ, ನೀರು ಬಿಟ್ಟು, ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಸಣ್ಣ ಡಾವೆಲ್ ಪಿನ್‌ಗಳನ್ನು ತೆಗೆದಿಟ್ಟು, ಕವರನ್ನು ಎಂಟರ ಆಕಾರದಲ್ಲಿ ಹಗುರವಾಗಿ ಆಡಿಸಿ. ಕೆಲವು ಸುತ್ತಿನ ಬಳಿಕ ತಿರುಗಿಸಿದರೆ ಎತ್ತರದ ಜಾಗಗಳು ಹೊಳೆಯುತ್ತವೆ, ತಗ್ಗುಗಳು ಮಂಕಾಗಿಯೇ ಇರುತ್ತವೆ. ಮೈಯೆಲ್ಲ ಒಂದೇ ಬಣ್ಣ ಬಂದಾಗ ನಿಲ್ಲಿಸಿ, ಒಂದು ಕಣವೂ ಉಳಿಯದಂತೆ ಸೋಪು ನೀರಿನಲ್ಲಿ ತೊಳೆಯಿರಿ. ಮೂಲೆ ತೀರಾ ಎದ್ದಿದ್ದರೆ ಲೇತ್ ಅಂಗಡಿಗೆ ಕೊಡಿ.

ಸಿಲಿಂಡರ್ ಹೆಡ್‌ಗೆ ನೇರ ಅಂಚಿನ ಸ್ಕೇಲ್ ಮತ್ತು ಫೀಲರ್ ಗೇಜ್ (ಸಂದಿನಲ್ಲಿ ತೂರಿಸಿ ಅಳೆಯುವ ತೆಳು ತಗಡುಗಳು) ಬೇಕು. ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸ್ಕೇಲಿನ ಅಡಿಯ ಸಂದು 0.05ರಿಂದ 0.1 ಮಿಲಿಮೀಟರ್ ದಾಟಬಾರದು. ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಅಂತಿಮ.

ಸಿಲಿಕೋನ್ ಗಮ್ ಧಾರಾಳವಾಗಿ ಹಾಕಿದರೆ ಸೋರುವುದೇ ಇಲ್ಲ ಎನ್ನುತ್ತಾರೆ, ಹೌದೇ?

ಹೊರಗೆ ಉಬ್ಬಿ ಬಂದ ಗಮ್ ಎಷ್ಟಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಅದು ಕಿತ್ತು ಆಯಿಲ್ ಜಾಲರಿಗೆ ಹೋಗಿ ಕೂತರೆ ಪಂಪಿಗೆ ಎಣ್ಣೆ ಸಿಗುವುದಿಲ್ಲ. ಸಣ್ಣ ಆಯಿಲ್ ರಂಧ್ರ ಮುಚ್ಚಿದರೆ ಕ್ಯಾಮ್ ಒಣಗಿಯೇ ತಿರುಗುತ್ತದೆ. ಸೋರಿಕೆ ನಿಂತ ಎಂಜಿನ್ ಅದೇ ಕಾರಣಕ್ಕೆ ಸೀಜ್ ಆಗಿ (ಒಳಗೆ ಕಚ್ಚಿಕೊಂಡು ನಿಂತು) ಬಂದದ್ದನ್ನು ನೋಡಿದ್ದೇನೆ.

ಕಂಪನಿ ಕಾಗದದ ಪ್ಯಾಕಿಂಗ್ ಕೊಟ್ಟಿರುವ ಕಡೆ ಮೈಗಳು ಸರಿಯಿದ್ದರೆ ಗಮ್ ಬೇಕಾಗಿಯೇ ಇಲ್ಲ. ಎರಡು ಕೇಸುಗಳು ಸೇರುವ ಗೆರೆಯ ಮೇಲೆ ಮೂರನೆಯ ಕವರ್ ಕೂರುವಂಥ ಜಾಗದಲ್ಲಿ ಒಂದು ಹನಿ ಸಾಕು. ಪ್ಯಾಕಿಂಗ್ ಇಲ್ಲದೆ ಗಮ್ಮೇ ಹಾಕಬೇಕಾದ ಜೋಡಣೆಗೆ ಒಂದೆರಡು ಮಿಲಿಮೀಟರಿನ ಒಂದೇ ಎಳೆ, ಬೋಲ್ಟಿನ ರಂಧ್ರದ ಒಳಮಗ್ಗುಲಿನಿಂದ ಹಾಯಿಸಿ, ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಕಾದು ಬಿಗಿಯಿರಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಎಂಜಿನ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಮೆತ್ತಗಾಗುವುದರಿಂದ ಕಾರ್ಬುರೇಟರ್ ಬಳಿಯಾಗಲಿ ಆರ್‌ಎಕ್ಸ್ 100, ಯೆಜ್ಡಿಯಂಥ ಟೂ-ಸ್ಟ್ರೋಕ್ ಕ್ರ್ಯಾಂಕ್‌ಕೇಸಿಗಾಗಲಿ ಹಾಕಬಾರದು.

ಪ್ಯಾಕಿಂಗಿಗೆ ಗ್ರೀಸ್ ಸವರಬೇಕೇ?

ಮುಂದೆ ಆಗಾಗ ಬಿಚ್ಚಬೇಕಾಗುವ ಕವರಾದರೆ, ಕವರಿನ ಕಡೆಗೆ ಮಾತ್ರ, ಬೆರಳಿಗೆ ಹತ್ತಿದಷ್ಟೇ ಸವರಬಹುದು. ಜೋಡಿಸುವಾಗ ಜಾರದೆ ನಿಲ್ಲುತ್ತದೆ, ಬಿಚ್ಚುವಾಗ ಹರಿಯುವುದಿಲ್ಲ. ಹೆಡ್ ಪ್ಯಾಕಿಂಗನ್ನು, ಕೈಪಿಡಿ ಬೇರೆ ಹೇಳದಿದ್ದರೆ, ಒಣದಾಗಿಯೇ ಕೂರಿಸಿ.

ನನ್ನ ಬಳಿ ಟಾರ್ಕ್ ವ್ರೆಂಚ್ ಇಲ್ಲ. ಕೈ ಅಂದಾಜಿನಲ್ಲಿ ಬಿಗಿದರೆ ಸಾಲದೇ?

ಕವರುಗಳನ್ನು ಹಿಡಿಯುವ 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಹೊಸಬರ ಕೈ ಸಾಮಾನ್ಯವಾಗಿ ಅದರ ಒಂದೂವರೆ ಪಟ್ಟು, ಎರಡು ಪಟ್ಟು ಬಿಗಿಯುತ್ತದೆ. ಹಾಗೆ ಬಿಗಿದಾಗ ಬೋಲ್ಟಿನ ಸುತ್ತ ಕವರ್ ತಗ್ಗಿ, ಎರಡು ಬೋಲ್ಟುಗಳ ನಡುವೆ ಎದ್ದುಕೊಳ್ಳುತ್ತದೆ. ಸೋರುವುದು ಅಲ್ಲಿಂದಲೇ. ಸೋರುತ್ತಿದೆ ಎಂದು ಬೋಲ್ಟನ್ನು ಇನ್ನಷ್ಟು ಬಿಗಿಯುವುದು ಕೆಲಸಕ್ಕೆ ಬಾರದಿರುವುದೂ ಇದಕ್ಕೇ.

ಕೈಗೆ ಅಂದಾಜು ಕಲಿಸಲು ಒಂದು ದಾರಿಯಿದೆ. ರಿಂಗ್ ಸ್ಪ್ಯಾನರನ್ನು ಬೋಲ್ಟಿಗೆ ಹಾಕಿ, ಬೋಲ್ಟಿನ ನಡುವಿನಿಂದ ಸರಿಯಾಗಿ 10 ಸೆಂಟಿಮೀಟರ್ ದೂರದಲ್ಲಿ ಗುರುತು ಮಾಡಿ. ಸಾಮಾನು ತೂಗುವ ಕೊಕ್ಕೆಯ ತಕ್ಕಡಿಯನ್ನು ಅಲ್ಲಿ ಸಿಕ್ಕಿಸಿ ಸ್ಪ್ಯಾನರಿಗೆ ನೇರ ಅಡ್ಡವಾಗಿ ಎಳೆಯಿರಿ. ತಕ್ಕಡಿ 10 ಕಿಲೋ ತೋರಿಸಿದಾಗ ಬೋಲ್ಟಿನ ಮೇಲೆ ಬಿದ್ದಿರುವುದು 9.8 ನ್ಯೂಟನ್ ಮೀಟರ್. ಹತ್ತು ಸಲ ಹೀಗೆ ಎಳೆದರೆ ಕೈಗೆ ಆ ಬಿಗಿ ನೆನಪಾಗುತ್ತದೆ. ಹೆಡ್ ನಟ್ಟುಗಳಿಗೆ ಮಾತ್ರ ಟಾರ್ಕ್ ವ್ರೆಂಚ್ ಬೇಕೇ ಬೇಕು, ಒಂದು ದಿನಕ್ಕೆ ಯಾರಿಂದಲಾದರೂ ಕೇಳಿ ತನ್ನಿ.

ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿಯಬೇಕು?

ಎಲ್ಲವನ್ನೂ ಮೊದಲು ಕೈಬೆರಳಿನಲ್ಲೇ ಕೂರಿಸಿ. ಆಮೇಲೆ ಒಂದರ ನಂತರ ಅದರ ಎದುರಿನದು, ಅಡ್ಡಡ್ಡವಾಗಿ, ನಡುವಿನಿಂದ ಹೊರಕ್ಕೆ, ಎರಡು ಅಥವಾ ಮೂರು ಸುತ್ತಿನಲ್ಲಿ ಪೂರ್ತಿ ಬಿಗಿಗೆ ತನ್ನಿ. ಇದಕ್ಕೂ ಮೊದಲು ಟೊಳ್ಳು ಡಾವೆಲ್ ಪಿನ್‌ಗಳು ತಮ್ಮ ಜಾಗದಲ್ಲಿವೆಯೇ ನೋಡಿ. ಬಿಚ್ಚುವಾಗ ಒಂದು ಕವರಿನಲ್ಲಿ, ಒಂದು ಕೇಸಿನಲ್ಲಿ ಉಳಿದು, ಇನ್ನೊಂದು ನೆಲಕ್ಕೆ ಉರುಳಿ ಹೋಗಿರುತ್ತದೆ. ಕೆಲವದರ ಸುತ್ತ ಓ-ರಿಂಗ್ ಇರುತ್ತದೆ, ಅದನ್ನೂ ಹೊಸದಾಗಿ ಹಾಕಿ.

ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಬದಲಿಸಬೇಕೇ?

ಅಲ್ಯೂಮಿನಿಯಂ ವಾಷರ್ ಬದಲಿಸಿ. ಬುಲೆಟ್ಟಿನ ಆಯಿಲ್ ಪೈಪುಗಳ ತಾಮ್ರದ ವಾಷರನ್ನು ಮತ್ತೆ ಬಳಸಬಹುದು: ಗ್ಯಾಸ್ ಒಲೆಯ ಮೇಲೆ ಕೆಂಪಾಗುವಂತೆ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ.

ಜೋಡಿಸಿದ ತಕ್ಷಣ ಗಾಡಿ ಸ್ಟಾರ್ಟ್ ಮಾಡಬಹುದೇ?

ಕಾಗದದ ಪ್ಯಾಕಿಂಗ್ ಮಾತ್ರವಾದರೆ, ಆಯಿಲ್ ಹಾಕಿ ಮಟ್ಟ ನೋಡಿ ಸ್ಟಾರ್ಟ್ ಮಾಡಿ. ಗಮ್ ಹಾಕಿದ್ದರೆ ರಾತ್ರಿಯಿಡೀ, ಸಾಧ್ಯವಾದರೆ 24 ಗಂಟೆ ಬಿಡಿ. ಮೊದಲ ಓಟದ ನಂತರ ಬಿಳಿ ಕಾಗದವನ್ನು ಜೋಡಣೆಯ ಕೆಳ ಅಂಚಿಗೆ ಒತ್ತಿ ನೋಡಿ. ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

## ಇನ್ನೂ ಆಳಕ್ಕೆ

ಎಲ್ಲವನ್ನೂ ಸರಿಯಾಗಿ ಮಾಡಿದ್ದೇನೆ. ಆದರೂ ಒಂದು ನಿಂತರೆ ಇನ್ನೊಂದು ಕಡೆಯಿಂದ ಒಸರುತ್ತದೆ. ಏಕೆ?

ಒಳಗೆ ಒತ್ತಡ ಹೆಚ್ಚಾಗಿದೆ. ಪಿಸ್ಟನ್ ಕೆಳಗಿಳಿಯುವಾಗ ಅದರ ಅಡಿಯ ಗಾಳಿ ಎಲ್ಲಿಗಾದರೂ ಹೋಗಬೇಕು. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಅದಕ್ಕೆಂದೇ ಬ್ರೀದರ್ ನಳಿಕೆ ಇದೆ. ಅದು ಕಟ್ಟಿಕೊಂಡರೆ, ಮಡಚಿಕೊಂಡರೆ, ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟಿದರೆ, ಗಾಳಿ ಎಲ್ಲಕ್ಕಿಂತ ದುರ್ಬಲವಾದ ಜೋಡಣೆಯಿಂದ ಎಣ್ಣೆಯನ್ನು ತಳ್ಳಿಕೊಂಡು ಹೊರಬರುತ್ತದೆ. ನೀವು ಅದನ್ನು ಮುಚ್ಚಿದರೆ ಮುಂದಿನ ದುರ್ಬಲ ಜಾಗ ಹುಡುಕುತ್ತದೆ.

ಹಳೆಯ ಬುಲೆಟ್ಟಿನ ಬ್ರೀದರಿನಲ್ಲಿ ಬಾತುಕೋಳಿಯ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ. ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಅದು ಬಿರುಸಾಗಿದ್ದರೆ ಕೆಲವೇ ರೂಪಾಯಿಯ ಆ ತುಂಡನ್ನು ಬದಲಿಸಿದ ಮೇಲೆ ಮೂರು ಕಡೆಯ ಸೋರಿಕೆ ಒಟ್ಟಿಗೆ ನಿಂತದ್ದುಂಟು. ಬ್ರೀದರ್ ಸರಿಯಿದ್ದೂ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಭುಸುಭುಸು ಎಂದು ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ಪ್ಯಾಕಿಂಗ್ ಕೆಲಸ ನಿಲ್ಲಿಸಿ, ಬೋರ್ ಕೆಲಸ (ಸಿಲಿಂಡರ್ ಕೊರೆದು ಹೊಸ ಪಿಸ್ಟನ್, ರಿಂಗ್ ಹಾಕುವುದು) ಮಾಡಿಸಿ. ಆಯಿಲ್ ಗುರುತಿಗಿಂತ ಹೆಚ್ಚು ತುಂಬಿದ್ದರೂ ಇದೇ ಲಕ್ಷಣ ಬರುತ್ತದೆ.

ಆರ್‌ಎಕ್ಸ್ 100ರಲ್ಲಿ ಹೊರಗೆ ಒಂದು ಹನಿ ಇಲ್ಲ. ಆದರೆ ಗೇರ್ ಆಯಿಲ್ ಕಡಿಮೆಯಾಗುತ್ತಿದೆ, ಬಿಳಿ ಹೊಗೆ ಬೇರೆ.

ಸೋರಿಕೆ ಒಳಗಡೆಗೇ ಆಗುತ್ತಿದೆ. ಕ್ಲಚ್ ಕಡೆಯ, ಅಂದರೆ ಬಲಗಡೆಯ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಸೀಲ್ ಸವೆದಾಗ ಎಂಜಿನ್ ಗೇರ್ ಆಯಿಲನ್ನು ಹೀರಿ ಸುಡುತ್ತದೆ. ಎಡಗಡೆಯ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಗಾಳಿ ಹೀರುತ್ತದೆ. ಆಗ ಐಡ್ಲಿಂಗ್ ತಾನಾಗಿಯೇ ಏರುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಸಿಲಿಂಡರ್ ತಳದ ಪ್ಯಾಕಿಂಗ್ ಸೋರಿದರೂ ಹೀಗೆಯೇ. ಟೂ-ಸ್ಟ್ರೋಕ್‌ನಲ್ಲಿ ಆದ್ದರಿಂದ ಗಾಳಿ ಪರೀಕ್ಷೆ ಮಾಡಬೇಕು: ಇನ್‌ಲೆಟ್ ಮತ್ತು ಸೈಲೆನ್ಸರ್ ಬಾಯಿ ಮುಚ್ಚಿ, ಸುಮಾರು 5–6 ಪಿಎಸ್‌ಐ ಒತ್ತಡ ತುಂಬಿ, ಐದಾರು ನಿಮಿಷ ನಿಲ್ಲುತ್ತದೆಯೇ ನೋಡಿ. ಇಳಿದರೆ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವಲ್ಲಿ ತೂತಿದೆ. ಒತ್ತಡ ಅದಕ್ಕಿಂತ ಹೆಚ್ಚು ತುಂಬಬೇಡಿ, ಸರಿಯಿರುವ ಸೀಲೂ ಕಿತ್ತುಬರುತ್ತದೆ.

ಸಿಲಿಂಡರ್ ತಳಕ್ಕೆ ಎರಡು ಪ್ಯಾಕಿಂಗ್ ಹಾಕಿದರೆ ಒಳ್ಳೆಯದಲ್ಲವೇ?

ಅಲ್ಲ. ಸಿಲಿಂಡರ್ ಅಷ್ಟು ಮೇಲೇಳುತ್ತದೆ. ಕಂಪ್ರೆಷನ್ ಇಳಿಯುತ್ತದೆ, ಟೂ-ಸ್ಟ್ರೋಕ್‌ನಲ್ಲಿ ಪೋರ್ಟುಗಳು (ಸಿಲಿಂಡರಿನ ಗೋಡೆಯ ಕಿಂಡಿಗಳು) ತೆರೆಯುವ ಹೊತ್ತೂ ಬದಲಾಗುತ್ತದೆ. ಎರಡು ಕಾಗದಗಳ ನಡುವೆ ಸೋರಲು ಇನ್ನೊಂದು ದಾರಿಯೂ ಹುಟ್ಟುತ್ತದೆ.

ಯೆಜ್ಡಿಯ ಗೇರ್ ಲಿವರಿನ ಬುಡದಿಂದ ಎಣ್ಣೆ ಬರುತ್ತದೆ. ಕವರ್ ಪ್ಯಾಕಿಂಗ್ ಬದಲಿಸಿದರೂ ನಿಲ್ಲಲಿಲ್ಲ.

ಜಾವಾ, ಯೆಜ್ಡಿಗಳಲ್ಲಿ ಗೇರ್ ಹಾಕುವುದೂ ಕಿಕ್ ಹೊಡೆಯುವುದೂ ಒಂದೇ ಲಿವರ್. ದಶಕಗಳ ಕಾಲ ಕಿಕ್ಕಿನ ಭಾರ ಹೊತ್ತ ಆ ಶಾಫ್ಟಿನ ರಂಧ್ರ ಕವರಿನಲ್ಲಿ ಅಂಡಾಕಾರಕ್ಕೆ ಸವೆದಿರುತ್ತದೆ. ಲಿವರನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲಟಲಟ ಎಂದರೆ ಸೀಲ್ ಎಷ್ಟು ಹೊಸದಾದರೂ ನಿಲ್ಲಿಸಲಾರದು. ಲೇತ್‌ನಲ್ಲಿ ರಂಧ್ರವನ್ನು ಹಿಗ್ಗಿಸಿ ಬುಷ್ (ಲೋಹದ ತೆಳು ಬಳೆ) ಹಾಕಿಸಬೇಕು. ಕಾರ್ಖಾನೆ 1996ರಲ್ಲಿ ಮುಚ್ಚಿದ್ದರಿಂದ ಇರುವ ಕವರುಗಳನ್ನು ಉಳಿಸಿಕೊಳ್ಳುವುದೇ ಮುಖ್ಯ. ಎಸೆಯಬೇಡಿ.

ಹೊಸ ಆಯಿಲ್ ಸೀಲನ್ನು ಯಾವ ಮುಖ ಒಳಗೆ ಮಾಡಿ ಹಾಕಬೇಕು?

ಸಣ್ಣ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ. ತುಟಿಗೆ ಎಣ್ಣೆ ಸವರಿ. ಶಾಫ್ಟಿನ ಹಲ್ಲುಗಳ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ದಾಟಿಸಿ, ಇಲ್ಲದಿದ್ದರೆ ತುಟಿ ಅಲ್ಲೇ ಸೀಳುತ್ತದೆ. ಸೀಲಿನ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು ನೇರವಾಗಿ ತಟ್ಟಿ ಕೂರಿಸಿ. ಶಾಫ್ಟಿನ ಮೇಲೆ ಹಳೆಯ ಸೀಲ್ ಕೊರೆದ ಬಳೆ ಉಗುರಿಗೆ ಸಿಕ್ಕರೆ, ಹೊಸ ಸೀಲನ್ನು ಜಾಗವಿದ್ದಷ್ಟು ಒಂದು ಮಿಲಿಮೀಟರ್ ಹಿಂದೆ ಮುಂದೆ ನಿಲ್ಲಿಸಿ, ತುಟಿಗೆ ಸವೆಯದ ಮೈ ಸಿಗುತ್ತದೆ.

ಹೆಡ್ ಪ್ಯಾಕಿಂಗ್ ಬದಲಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೇ?

ಹಳೆಯ ಬುಲೆಟ್ಟಿನಂಥ ಎಂಜಿನ್‌ಗಳಲ್ಲಿ ಹೌದು. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಒಂದೊಂದು ನಟ್ಟನ್ನೂ ಕೈಪಿಡಿಯ ಅಂಕಿಗೆ ಪರೀಕ್ಷಿಸಿ, ನಂತರ ಟ್ಯಾಪೆಟ್ ಮತ್ತೆ ಹೊಂದಿಸಿ. ಲೋಹದ ಪದರಗಳ ಹೊಸ ಬಗೆಯ ಪ್ಯಾಕಿಂಗಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸ್ಪ್ಲೆಂಡರಿನಂಥ ಹೋಂಡಾ ಮೂಲದ 100 ಸಿಸಿ ಎಂಜಿನ್‌ಗಳಲ್ಲಿ ಒಂದು ಸ್ಟಡ್ಡಿನ (ಹೆಡ್ ಹಿಡಿಯುವ ಉದ್ದ ಬೋಲ್ಟಿನ) ಸುತ್ತಲೇ ಆಯಿಲ್ ಮೇಲೇರುತ್ತದೆ. ಅದರ ಬುಡದ ಓ-ರಿಂಗ್, ಮೇಲಿನ ಸೀಲಿಂಗ್ ವಾಷರ್ ಮತ್ತು ಮುಚ್ಚಿದ ತಲೆಯ ನಟ್ ತಮ್ಮ ಜಾಗ ಬದಲಿಸಿದರೆ ಪ್ಯಾಕಿಂಗ್ ಎಷ್ಟೇ ಚೆನ್ನಾಗಿದ್ದರೂ ಎಣ್ಣೆ ನಟ್ಟಿನಿಂದಲೇ ಏಳುತ್ತದೆ.

ಬಿಗಿಯುವಾಗ ಬೋಲ್ಟ್ ಸುಮ್ಮನೆ ತಿರುಗುತ್ತಿದೆ. ಥ್ರೆಡ್ ಹೋಗಿದೆ. ಎಂ-ಸೀಲ್ ಹಾಕಿ ಕೂರಿಸಲೇ?

ಬೇಡ, ಅದು ಬಿಸಿ ಎಣ್ಣೆಯಲ್ಲಿ ಬಹುಕಾಲ ಹಿಡಿಯುವುದಿಲ್ಲ. ಮುಂದಿನ ರಿಪೇರಿಯನ್ನೂ ಕಷ್ಟ ಮಾಡುತ್ತದೆ. ಒಳ್ಳೆಯ ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಹಾಕಿಸಿ: ಹಾಳಾದ ಥ್ರೆಡ್ಡನ್ನು ಕೊರೆದು ತೆಗೆದು, ಉಕ್ಕಿನ ತಂತಿಯ ಸುರುಳಿ ಕೂರಿಸಿ, ಅದೇ ಹಳೆಯ ಅಳತೆಯ ಬೋಲ್ಟ್ ಹಿಡಿಯುವಂತೆ ಮಾಡುತ್ತಾರೆ. ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಅದು ಗಟ್ಟಿ. ಡ್ರೈನ್ ಬೋಲ್ಟಿನ ರಂಧ್ರಕ್ಕೆ ಇದು ಬಹಳ ಸಲ ಬೇಕಾಗುತ್ತದೆ. ಕೊರೆಯುವಾಗ ಡ್ರಿಲ್ಲಿಗೆ ಗ್ರೀಸ್ ಹಚ್ಚಿರಲಿ, ಚೂರುಗಳು ಅದಕ್ಕೆ ಅಂಟುತ್ತವೆ. ಕೆಲಸ ಮುಗಿದ ಮೇಲೆ ಅರ್ಧ ಲೀಟರ್ ಅಗ್ಗದ ಆಯಿಲನ್ನು ಮೇಲಿನಿಂದ ಸುರಿದು, ಕೆಳಗಿನ ರಂಧ್ರದಿಂದ ಬಿಳಿ ಬಟ್ಟೆಯ ಮೇಲೆ ಇಳಿಯಬಿಡಿ. ಬಟ್ಟೆಯ ಮೇಲೆ ಲೋಹದ ಮಿಂಚು ಕಾಣದಾದ ಮೇಲೆಯೇ ಬೋಲ್ಟ್ ಹಾಕಿ.